ಕಿಟಕಿ ಮುಚ್ಚಿದ ಗೋಲ್‌ಕೀಪರ್

ಫುಟ್‌ಬಾಲ್ ವಿಶ್ವಕಪ್ ನಮ್ಮೂರಿಗೆ ಬಂದ ಸಂಭ್ರಮಕ್ಕೆ ನಮ್ಮ ಕಟ್ಟಡದ ಮುಂಭಾಗಕ್ಕೆ ಒಬ್ಬ ಗೋಲ್‌ಕೀಪರನನ್ನು ಹೊದಿಸಿದರು. ನಾಲ್ಕು ಮಹಡಿ ಎತ್ತರದ ಬಟ್ಟೆ, ಅದರ ತುಂಬ ಅವನ ಚಿತ್ರ. ತಲೆ ತಾರಸಿಗೆ, ಬೂಟು ದಿನಸಿ ಅಂಗಡಿಗೆ. ಎಡ ಮೊಣಕಾಲು ಸರಿಯಾಗಿ ಅಮ್ಮನ ಕಿಟಕಿಯ ಮೇಲೆ ಬಂತು. ಸ್ಟೇಡಿಯಂಗೆ ಹೋಗುವ ವಿದೇಶಿ ಅತಿಥಿಗಳಿಗೆ ನಮ್ಮ ಗಾರೆ ಉದುರಿದ ಗೋಡೆ, ಒಣಹಾಕಿದ ಲಂಗ ಕಾಣಬಾರದಂತೆ. ಬಡವರ ಮಾನ ಮುಚ್ಚಲು ಇಷ್ಟಗಲದ ಬಟ್ಟೆ ಊರಲ್ಲಿದೆಯೆಂದು ಅದುವರೆಗೆ ಯಾರೂ ಹೇಳಿರಲಿಲ್ಲ.

ಮನೆಮನೆಯವರನ್ನೂ ಒಪ್ಪಿಸಿದವನು ನನ್ನ ಚಿಕ್ಕಪ್ಪ. ಪಂದ್ಯಾವಳಿಯ ಸ್ವಯಂಸೇವಕ. ಕೊರಳಿಗೆ ಗುರುತಿನ ಬಿಲ್ಲೆ ಬಿದ್ದ ಮೇಲೆ ಸ್ನಾನಕ್ಕೂ ತೆಗೆಯುತ್ತಿರಲಿಲ್ಲ.

"ಪ್ರಪಂಚವೇ ನಮ್ಮನ್ನ ನೋಡುತ್ತೆ ಅತ್ತಿಗೆ!"

ಮುಸುಕು ಹಾಕಿದ ಮೇಲೆ ಏನು ನೋಡುತ್ತೆ ಎಂದು ನಾನು ಕೇಳಲಿಲ್ಲ. ನಾನು ಆಡದೆ ಉಳಿಸಿಕೊಂಡ ಮಾತುಗಳಲ್ಲಿ ಅದು ಚೆನ್ನಾಗಿತ್ತು.

ಅಪ್ಪನಿಗೂ ಖುಷಿಯೇ, ತಕರಾರು ಒಂದೇ. ಸ್ಟೇಡಿಯಂ ಹತ್ತಿರವಾದ್ದರಿಂದ ಅಲ್ಲಿನ ಕೂಗು ನಮಗೆ ಮೊದಲು ಕೇಳುತ್ತಿತ್ತು, ಟಿವಿಯಲ್ಲಿ ಗೋಲು ಆಮೇಲೆ ಬರುತ್ತಿತ್ತು. "ಉಣ್ಣೋಕೆ ಮುಂಚೆ ತೇಗು ಬಂದ ಹಾಗೆ" ಎಂದು ಗೊಣಗಿ, ಪಂದ್ಯವಿದ್ದಾಗೆಲ್ಲ ಕಿಟಕಿಗಳನ್ನು ಬಿಗಿಯಾಗಿ ಹಾಕಿಸುತ್ತಿದ್ದ. ನಮ್ಮ ತಂಡ ಮೊದಲ ಸುತ್ತಿನಲ್ಲೇ ಸೋತು ಮನೆಗೆ ಹೋಗಿತ್ತು. ಮನೆ ಇಲ್ಲೇ ಇದ್ದದ್ದೊಂದು ಅನುಕೂಲ. ಆಮೇಲೆ ಅಪ್ಪ, ಚಿಕ್ಕಪ್ಪ ಇಬ್ಬರೂ ಯಾವುದೋ ದೇಶದವರನ್ನು "ನಮ್ಮೋರು" ಅನ್ನತೊಡಗಿದರು. ನನಗೆ ಹೇಸಿಗೆ. ಆದರೆ ಆ ಕೂಗು ಗೋಡೆ ತೂರಿ ಬಂದಾಗ ನನ್ನ ಮೈಯೂ ಜುಮ್ಮೆನ್ನುತ್ತಿತ್ತು. ಹೇಸಿಗೆಯಲ್ಲಿ ಒಂದು ಪಾಲು ಅದಕ್ಕೇ.

ಅಮ್ಮ ರಫೂ ಮಾಡುತ್ತಾಳೆ. ಸುಟ್ಟ, ಹರಿದ ಬಟ್ಟೆಗೆ ಎಳೆಗೆ ಎಳೆ ಕೂಡಿಸಿ, ತೂತು ಇತ್ತೆಂಬುದೇ ತಿಳಿಯದ ಹಾಗೆ ನೇಯುವ ಕೆಲಸ. ದಾರದ ಬಣ್ಣ ಹೊಂದಿಸಲು ಹಗಲ ಬೆಳಕೇ ಆಗಬೇಕು. ಕಿಟಕಿಗೆ ಮೊಣಕಾಲು ಬಂದ ಮೇಲೆ ಟ್ಯೂಬ್‌ಲೈಟಿನಡಿ ಮಾಡಿಕೊಟ್ಟ ಬೂದುಬಣ್ಣದ ಕೋಟನ್ನು ಗಿರಾಕಿಯೊಬ್ಬರು ಫೈನಲ್ ದಿನ ಬೆಳಗ್ಗೆ ವಾಪಸು ತಂದರು. ಬೀದಿಯ ಬಿಸಿಲಲ್ಲಿ ನೋಡಿದರೆ ತೋಳಿನ ಮೇಲೆ ಹಸಿರು ಕಲೆ, ಹಲ್ಲಿ ಕೂತ ಹಾಗೆ.

"ನಾಳೆ ಮಗಳ ಮದುವೆ ಕಣ್ರಮ್ಮ. ನಿಮ್ಮ ಕೈ ಅಂತ ನಂಬಿ ಕೊಟ್ಟಿದ್ದೆ."

ಸಂಜೆಗೆ ಸರಿಮಾಡಿ ಕೊಡುತ್ತೇನೆಂದ ಅಮ್ಮ, ಅವರು ಹೋದ ಮೇಲೆ ದಾರದುಂಡೆಗಳ ಮುಂದೆ ಕುಸಿದು ಕೂತಳು.

"ಕಣ್ಣು ಹೋಯ್ತು ಕಣೇ. ಇದೇ ಕೊನೆ. ಇನ್ಮೇಲೆ ಯಾರ ಬಟ್ಟೇನೂ ಇಸ್ಕೊಳ್ಳಲ್ಲ."

"ಕಣ್ಣಲ್ಲಮ್ಮ, ಬೆಳಕಿಲ್ಲ ಅಷ್ಟೇ."

"ಸಮಾಧಾನ ಹೇಳ್ಬೇಡ. ಮೂವತ್ತು ವರ್ಷದಲ್ಲಿ ಯಾರಾದ್ರೂ ವಾಪಸು ತಂದಿದ್ರಾ?"

ಬೆಳಕಿಗೆ ಹೋಗಿ ಕೂರೋಣವೆಂದರೆ ತಾರಸಿಗೆ ಪೊಲೀಸರು ಬೀಗ ಜಡಿದಿದ್ದರು. ಬೀದಿಯಲ್ಲಿ ಪಂದ್ಯದ ಜನ, ಕಾಲಿಡಲು ಜಾಗವಿರಲಿಲ್ಲ. ಮಧ್ಯಾಹ್ನ ಪಂದ್ಯ ಶುರುವಾಗುವ ಹೊತ್ತಿಗೆ ಚಿಕ್ಕಪ್ಪ ಇಣುಕಿದ.

"ಕನ್ನಡಕ ಹಾಕ್ಕೊಳ್ಳಿ ಅತ್ತಿಗೆ, ವಯಸ್ಸಾಯ್ತಲ್ಲ."

"ಆ ಬಟ್ಟೆ ಸ್ವಲ್ಪ ಸರಿಸಿ ಚಿಕ್ಕಪ್ಪ," ಎಂದೆ. ನನ್ನ ದನಿ ನನಗೇ ಸರಿಯಾಗಿ ಕೇಳಲಿಲ್ಲ.

"ಹುಚ್ಚಿ! ಮೇಲಿಂದ ಹೆಲಿಕಾಪ್ಟರಲ್ಲಿ ಕ್ಯಾಮೆರಾ ಬರುತ್ತೆ. ಊರಿನ ಮರ್ಯಾದೆ ಪ್ರಶ್ನೆ."

ಊರಿನ ಮರ್ಯಾದೆ ಅಮ್ಮನ ಕಣ್ಣಿಗಿಂತ ದೊಡ್ಡದು ಎಂದಾಯಿತು. ಅವನು ಟಿವಿ ಮುಂದೆ ಕೂತದ್ದೇ ತಡ, ಅಮ್ಮನ ದೊಡ್ಡ ಕತ್ತರಿ ತೆಗೆದುಕೊಂಡೆ. ಕಿಟಕಿ ತೆರೆದು, ಗೋಲ್‌ಕೀಪರನ ಮೊಣಕಾಲಿಗೆ ತುದಿ ಚುಚ್ಚಿ, ಸರಳುಗಳ ನಡುವೆ ಕೈ ತೂರಿಸಿ, ಕೈಗೆಟುಕಿದಷ್ಟು ಸೀಳಿದೆ.

"ಅಯ್ಯೋ, ಬಿಡೇ! ಜೈಲಿಗೆ ಹಾಕ್ತಾರೆ!" ಎಂದು ಅಮ್ಮ ಸೆರಗು ಬಾಯಿಗಿಟ್ಟುಕೊಂಡಳು.

ಬಟ್ಟೆ ಜೋತುಬಿತ್ತು. ಅಮ್ಮನ ಮಡಿಲಿಗೆ ಬಿಸಿಲು ಬಂತು.

ಅವಳು ಒಂದು ದಾರ ಎತ್ತಿ ಹಿಡಿದಳು. "ಥೂ, ಇದು ಹಸಿರು." ಇನ್ನೊಂದು ಎತ್ತಿದಳು. "ಇದು ಬೂದು. ಇದು ನೀಲಿ ಬೆರೆತ ಬೂದು. ಕಾಣ್ತಿದೆ ಕಣೇ, ಎಲ್ಲಾ ಕಾಣ್ತಿದೆ!"

ಆಗಲೇ ಆ ಸೀಳಿನಿಂದ ಸ್ಟೇಡಿಯಂನ ಕೂಗು ಒಳಗೆ ನುಗ್ಗಿತು. ನನ್ನ ಮೈಮೇಲಿನ ಕೂದಲು, ನಾಚಿಕೆಯಿಲ್ಲದವು, ಎದ್ದು ನಿಂತವು.

"ಯಾರದು ಕಿಟಕಿ ತೆಗೆದಿದ್ದು?" ಹಜಾರದಿಂದ ಅಪ್ಪ ಚೀರಿದ. "ಟಿವೀಲಿ ಅವನು ಪೆನಾಲ್ಟಿಗೆ ಇನ್ನೂ ಚೆಂಡು ಇಡ್ತಿದ್ದಾನೆ!"

ಅಮ್ಮ ದಾರದ ತುದಿ ತುಟಿಗೊತ್ತಿ, ಒಂದೇ ಸಲಕ್ಕೆ ಸೂಜಿಗೆ ಪೋಣಿಸಿದಳು.

"ಗೋಲಾಯ್ತು ರೀ," ಎಂದಳು, ಗಟ್ಟಿಯಾಗಿ. "ಇನ್ನೇನಿದೆ ನೋಡೋಕೆ? ಎದ್ದು ಒಂದಿಷ್ಟು ಟೀ ಮಾಡಿ."