ಹೋಗ್ಲಿ ಬಿಡು

ಕೆಲವು ಸಂಗತಿಗಳನ್ನು ಕೂತಲ್ಲೇ ಹೇಳಬಾರದು. ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಕೇಳುವವರ ಮುಖವನ್ನು ಒಮ್ಮೆ ನೋಡಿ ಹೇಳಬೇಕು. ಅಂಥದ್ದೊಂದು ಇದು: ಫ್ಲಾಸ್ಕಿನ ಮುಚ್ಚಳ ಕಳೆದುಹೋಗಿತ್ತು.

ಉಕ್ಕಿನ ಫ್ಲಾಸ್ಕು. ಮುಚ್ಚಳ ತೆಗೆದರೆ ಅದೇ ಲೋಟ. ಕೊಂಡು ತಂದವಳು ಭಾವನ ಹೆಂಡತಿ, ಕುಡಿಯುತ್ತಿದ್ದವನು ಭಾವ, ಕಳೆದವನು ಭಾವನ ಪ್ರಕಾರ ಮೈದುನ, ಮೈದುನನ ಪ್ರಕಾರ ಗಾಳಿ.

ಯಾರಿಗೆ ಭಾವ ಎಂದು ಕೇಳುವ ಹಾಗಿರಲಿಲ್ಲ. ಬಂದರಿನಲ್ಲಿ ಇಳಿದ ದೈತ್ಯ ಯಂತ್ರಗಳನ್ನು ರಸ್ತೆಯ ಮೇಲೆ ಊರೂರು ದಾಟಿಸಿ ಕಾರ್ಖಾನೆಗಳಿಗೆ ಮುಟ್ಟಿಸುವ ಆ ತಂಡದಲ್ಲಿ ಅವನ ಹೆಂಡತಿಯ ತಮ್ಮನೂ ಕೆಲಸಕ್ಕಿದ್ದ. ತಮ್ಮ ಕರೆದಂತೆ ಎಲ್ಲರೂ ಕರೆದರು. ಒಡಹುಟ್ಟಿದ ಹೆಣ್ಣುಗಳೇ ಇಲ್ಲದ ಮೇಸ್ತ್ರಿ ಕೂಡ ಭಾವ ಅನ್ನುತ್ತಿದ್ದ. ಅವನು ಎಲ್ಲರ ಭಾವನಾದ ಮೇಲೆ ಹುಡುಗನಿಗೆ ಮೈದುನ ಎಂಬ ಹೆಸರು ಬಿಟ್ಟಿಯಾಗಿ ಬಂತು. ಹುಡುಗ ಅನ್ನುವುದು ಭಾವನ ಲೆಕ್ಕ. ಮೈದುನನ ನೆತ್ತಿಯ ಮೇಲೆ ಆಗಲೇ ಕೂದಲು ತೆಳ್ಳಗಾಗಿತ್ತು.

ಭಾವನ ಕೆಲಸ ಬಾಯಿಯದ್ದು. ಸಾಲು ಸಾಲು ಗಾಲಿಗಳ ಉದ್ದನೆಯ ಟ್ರೇಲರಿನ ಪಕ್ಕದಲ್ಲಿ ವೈರ್‌ಲೆಸ್ ಹಿಡಿದು ನಡೆಯುತ್ತಾ, ಮುಂದೆ ಎಳೆಯುವ ಲಾರಿಯ ಚಾಲಕನಿಗೆ ದಾರಿ ಹೇಳುವುದು. ಚಾಲಕನಿಗೆ ಹಿಂದಿನದ್ದು ಏನೂ ಕಾಣುವುದಿಲ್ಲ; ಅವನ ಕಣ್ಣೆಲ್ಲ ಭಾವನ ನಾಲಿಗೆಯಲ್ಲಿ. ಈ ಚಾಲಕನನ್ನು ಮೌನಿ ಎಂದು ಕರೆಯುತ್ತಿದ್ದರು. ಊಟಕ್ಕೆ ಬಾ ಅಂದರೆ ಬರುತ್ತಿದ್ದ, ಊಟ ಹೇಗಿತ್ತು ಅಂದರೆ ಕೈ ತೊಳೆಯಲು ಹೋಗುತ್ತಿದ್ದ.

ದಾರಿ ಹೇಳುವ ಮಾತುಗಳನ್ನು ಗೊತ್ತುಮಾಡಿದವನೂ ಭಾವನೇ. ಮೊದಲು 'ಬರಲಿ ಬರಲಿ' ಅನ್ನುತ್ತಿದ್ದರಂತೆ. ಯಾವುದೋ ಪೇಟೆಯಲ್ಲಿ ಬಸ್ಸಿನವನೊಬ್ಬ ತನ್ನ ಬಸ್ಸಿಗೆ ಬರಲಿ ಎಂದು ಕೂಗಿದ್ದಕ್ಕೆ ಇವರ ಲಾರಿ ಹೊರಟುಬಿಟ್ಟ ಮೇಲೆ ಭಾವ ಆ ಮಾತನ್ನೇ ರದ್ದು ಮಾಡಿದ. ಅಂದಿನಿಂದ 'ಹೋಗ್ಲಿ' ಅಂದರೆ ಎಳಿ, 'ಬಿಡು' ಅಂದರೆ ಬ್ರೇಕು ಬಿಡು, 'ಹಿಡಿ' ಅಂದರೆ ಹಿಡಿ. ಏರಿನಲ್ಲಿ ಮೊದಲು ಎಳೆತ ಕೊಡಬೇಕು, ಆಮೇಲೆ ಬ್ರೇಕು ಬಿಡಬೇಕು. ತಿರುಗುಮುರುಗಾದರೆ ಇಡೀ ಭಾರ ಹಿಂದಕ್ಕೆ ಜರುಗುತ್ತದೆ. ಆದ್ದರಿಂದ ಏರು ಹತ್ತುವಾಗ ಭಾವನ ಮಂತ್ರ: ಹೋಗ್ಲಿ, ಬಿಡು. ಈ ಎರಡು ಮಾತನ್ನು ಅವನ ಭಾಷೆಯ ಜನ ಇನ್ನೊಂದು ಅರ್ಥದಲ್ಲಿ ದಿನಕ್ಕೆ ಹತ್ತಾರು ಸಲ ಆಡುತ್ತಾರೆ ಎಂಬುದು ಅವನಿಗೆ ಹೊಳೆಯಲಿಲ್ಲ. ಬೇರೆ ಯಾರಿಗೂ ಹೊಳೆಯಲಿಲ್ಲ. ದಿನವೂ ಬಳಸುವ ಮಾತನ್ನು ಯಾರು ತಿರುಗಿಸಿ ನೋಡುತ್ತಾರೆ?

ಈ ಸಲ ಟ್ರೇಲರಿನ ಮೇಲಿದ್ದದ್ದು ಉಕ್ಕನ್ನು ಒತ್ತಿ ಬಗ್ಗಿಸುವ ಯಂತ್ರದ ಒಡಲು. ಟಾರ್ಪಾಲು ಹೊದ್ದು, ಸರಪಳಿ ಬಿಗಿಸಿಕೊಂಡು, ಮಗಳ ಮನೆಗೆ ಬಂದು ಮಲಗಿದ ಮಾವನ ಹಾಗೆ ಬಿದ್ದಿತ್ತು. ಎಬ್ಬಿಸುವ ಹಾಗಿಲ್ಲ, ಅವಸರ ಮಾಡುವ ಹಾಗಿಲ್ಲ, ಮನೆಯವರೆಲ್ಲ ಸುತ್ತ ತುದಿಗಾಲಲ್ಲಿ ಓಡಾಡಬೇಕು.

ಆ ಬೆಳಿಗ್ಗೆ ಭಾವನ ಹೆಂಡತಿ ಫ್ಲಾಸ್ಕಿನ ಬಾಯಿಗೆ ಒಂದು ಸಣ್ಣ ಸ್ಟೀಲ್ ಲೋಟ ಬೋರಲು ಹಾಕಿ, ಬಟ್ಟೆ ಕಟ್ಟಿ ಕಳಿಸಿದ್ದಳು. ಬಂದರಿನ ಗೇಟಿನಿಂದಲೇ ಭಾವ ಶುರುಮಾಡಿದ. ಚಹಾ ತಣ್ಣಗಾಯಿತು ಅಂದ. ಮುಚ್ಚಳಕ್ಕೆ ಕಾಲು ಬರುವುದನ್ನು ತನ್ನ ಆಯುಸ್ಸಿನಲ್ಲಿ ಕಂಡಿರಲಿಲ್ಲ ಅಂದ. ಮುಚ್ಚಳ ಜೋಪಾನ ಮಾಡಲಾಗದವನ ಕೈಗೆ ಟ್ರೇಲರಿನ ಹಿಂಗಾಲಿಗಳನ್ನು ತಿರುಗಿಸುವ ಕೆಲಸ ಕೊಟ್ಟ ಮೇಸ್ತ್ರಿಯ ಧೈರ್ಯವನ್ನು ಹೊಗಳಿದ. ಮೈದುನ ಪ್ರತಿ ಸಲವೂ ಗಾಳಿಯ ಮೇಲೆ ಹಾಕಿದ. ಮೌನಿ ಕೇಳುತ್ತಾ ಹೋದ, ಏಕೆಂದರೆ ಭಾವ ಇದನ್ನೆಲ್ಲ ಅರ್ಧ ವೈರ್‌ಲೆಸ್ಸಿನಲ್ಲೇ ಹೇಳುತ್ತಿದ್ದ. ಆ ಪೆಟ್ಟಿಗೆಗೆ ಮೊದಲ ಅಕ್ಷರ ನುಂಗುವ ರೋಗವಿತ್ತು. ಹಾಗಾಗಿ ಗುಂಡಿಯನ್ನು ಮೊದಲೇ ಒತ್ತಿಕೊಂಡು ಆಮೇಲೆ ಬಾಯಿ ತೆರೆಯುವುದು ಭಾವನಿಗೆ ಅಭ್ಯಾಸವಾಗಿತ್ತು.

ಬಂದರು ದಾಟಿದ ಮೇಲೆ ಏರು, ಏರಿನ ನಡುವೆ ಒಂದು ತಿರುವು, ತಿರುವಿನಲ್ಲಿ ಚಪ್ಪಲಿ ಅಂಗಡಿ. ಅಂಗಡಿಯವನು ಬಿಸಿಲಿಗೆ ಕಟ್ಟಿದ ತಗಡಿನ ಮಾಡು ರಸ್ತೆಗೆ ಚಾಚಿಕೊಂಡಿತ್ತು. ಅದನ್ನು ಬಿಚ್ಚುವವರೆಗೆ ಭಾರ ನಿಲ್ಲಿಸಿ, ಗಾಲಿಗಳ ಹಿಂದೆ ಮರದ ತುಂಡು ಕೊಟ್ಟರು. ಮಾಡು ಕೆಳಗಿಳಿಯಿತು. ಒಂದು ತುಂಡು ಓರೆಯಾಗಿದ್ದು ಕಂಡು ಮೈದುನ ಸರಿಮಾಡಲು ಬಗ್ಗಿದ. ಸುತ್ತಿಗೆಯಿಂದ ತಟ್ಟಬೇಕು, ಕೈ ಹಾಕಬಾರದು ಎಂಬುದು ನಿಯಮ. ಅವನು ಕೈ ಹಾಕಿದ.

'ಹಿಡಿ, ಇನ್ನೂ ಹಿಡಿ' ಎಂದು ಮೌನಿಗೆ ಹೇಳಲು ಭಾವ ಗುಂಡಿ ಒತ್ತಿದ. ಅದೇ ಗಳಿಗೆಯಲ್ಲಿ, ಗಾಲಿಯ ಹಿಂದೆ ಕೂತಿದ್ದ ಮೈದುನ ತಲೆಯೆತ್ತದೆ ಹೇಳಿದ:

"ಭಾವ, ಮುಚ್ಚಳ ನಾನೇ ಕಳೆದಿದ್ದು. ಹೋದ ಸಲ ಸೇತುವೆ ಮೇಲಿಂದ ಬಿತ್ತು. ಅಕ್ಕನಿಗೆ ಹೇಳ್ಬೇಡ."

ಬೆಳಿಗ್ಗೆಯಿಂದ ಇದನ್ನೇ ಕೇಳಬೇಕೆಂದು ಕಾದಿದ್ದ ಭಾವನಿಗೆ ಕೇಳಿದ ಮೇಲೆ ಸಪ್ಪೆಯೆನಿಸಿತು. ಕ್ಷಮಿಸುವ ಇರಾದೆ ಅವನಿಗೇನೂ ಇರಲಿಲ್ಲ. ಸಂಜೆ ಊಟದ ಹೊತ್ತಿಗೆ ಎಲ್ಲರ ಎದುರು ಎತ್ತೋಣ ಎಂದು ಮನಸ್ಸಿನಲ್ಲೇ ಎತ್ತಿಟ್ಟುಕೊಂಡ. ಸದ್ಯಕ್ಕೆ ಅವನ ಬಾಯಿ ಮುಚ್ಚಿಸಲು, ಒತ್ತಿದ ಗುಂಡಿ ಬಿಡದೆಯೇ ಅಂದ:

"ಹೋಗ್ಲಿ ಬಿಡು."

ಆ ಮಾತನ್ನು ಅಕ್ಷರಶಃ ನಂಬಿದ್ದು ಲಾರಿ ಒಂದೇ. ಮೌನಿ ಎಳೆತ ಕೊಟ್ಟ, ಬ್ರೇಕು ಬಿಟ್ಟ. ಎರಡರ ನಡುವೆ ಬಿಡುವು ಬೇಕಿತ್ತು, ಭಾವ ಎರಡನ್ನೂ ಒಂದೇ ಉಸಿರಿನಲ್ಲಿ ಆಡಿದ್ದ. ಗಾಲಿ ಹಿಂದಕ್ಕೆ ಒಂದು ಗೇಣೂ ಜರುಗಲಿಲ್ಲ. ಮರದ ತುಂಡಿನ ಮೇಲೆ ಕುಳಿತುಕೊಂಡಿತು ಅಷ್ಟೆ. ಮೈದುನನ ಬಲಗೈಯ ಎರಡು ಬೆರಳು ನಡುವೆ ಇದ್ದವು.

ಯಂತ್ರದ ಕಂಪನಿಯ ಅಧಿಕಾರಿಯೊಬ್ಬ ಕಪ್ಪು ಕನ್ನಡಕ ಹಾಕಿಕೊಂಡು ಬಂದು, ರಸ್ತೆಬದಿಯ ಖಾಲಿ ಜಾಗದಲ್ಲಿ ಎಲ್ಲರನ್ನೂ ನಿಲ್ಲಿಸಿ ವಿಚಾರಿಸಿದ. ಮೌನಿ, ಅವನ ಮಟ್ಟಿಗೆ ಭಾಷಣವೇ ಅನ್ನಬಹುದಾದಷ್ಟು ಮಾತಾಡಿದ: 'ಹೋಗ್ಲಿ ಬಿಡು' ಅಂತ ಬಂತು, ಬಿಟ್ಟೆ. ಅಧಿಕಾರಿ ಭಾವನ ಕಡೆ ತಿರುಗಿದ.

"ನಾನು ಸಿಗ್ನಲ್ ಕೊಡಲಿಲ್ಲ" ಅಂದ ಭಾವ.

ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅವನು ಕೊಟ್ಟದ್ದು ಸಿಗ್ನಲ್ ಆಗಿರಲಿಲ್ಲ, ಮೈದುನನಿಗೆ ಉತ್ತರ. ಹೀಗೆ ಕೂದಲು ಸೀಳಿ ಉಳಿಸಿಕೊಂಡ ಸತ್ಯವನ್ನು ತಲೆಯಡಿ ಇಟ್ಟುಕೊಂಡು ಮಲಗಲು ನೋಡಿದ, ದಿಂಬು ಎತ್ತರವಾಯಿತು. ಸಿಗ್ನಲ್ ಇಲ್ಲದೆ ಲಾರಿ ಬಿಟ್ಟನೆಂದು ಮೌನಿಯನ್ನು ಸೀಟಿನಿಂದ ಇಳಿಸಿ, ಮುಂದೆ ಕೆಂಪು ಬಾವುಟ ಕಟ್ಟಿಕೊಂಡು ಹೋಗುವ ಜೀಪಿಗೆ ಹಾಕಿದರು. ಈ ಸಾಗಣೆ ಮುಗಿದ ಮೇಲೆ ಅವನನ್ನು ಕೆಲಸದಿಂದಲೇ ತೆಗೆಯುತ್ತಾರೆ ಎಂಬ ಮಾತೂ ಹಬ್ಬಿತು. ಮೌನಿ ತನ್ನ ಸೀಟಿನ ಮೇಲಿನ ಟವಲನ್ನು ಮಡಿಸಿಕೊಂಡು ಜೀಪಿಗೆ ಹೋದ. ಭಾವನ ಎದುರು ಹಾಯುವಾಗ ಎಂದಿನಂತೆ ತಲೆ ಆಡಿಸಿದ. ಬೈದಿದ್ದರೆ ಭಾವ ಬದುಕಿಕೊಳ್ಳುತ್ತಿದ್ದ.

ಆಸ್ಪತ್ರೆಯಲ್ಲಿ ಮೈದುನನ ಕೈ ಬಿಳಿ ಬಟ್ಟೆಯಲ್ಲಿ ಎಲೆಕೋಸಿನಷ್ಟು ದಪ್ಪಗಿತ್ತು. ಬೆರಳು ಎರಡೂ ಉಳಿಯಲಿಲ್ಲ ಎಂದು ವೈದ್ಯರು ಆಗಲೇ ಹೇಳಿದ್ದರು. ಅಕ್ಕ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ಅದೇ ಫ್ಲಾಸ್ಕಿನಿಂದ ಚಹಾ ಬಗ್ಗಿಸಲು ಹೋದಳು; ಬೋರಲು ಹಾಕಿದ್ದ ಲೋಟ ಜಾರಿ ಹಾಸಿಗೆಯ ಮೇಲೆಲ್ಲ ಚೆಲ್ಲಿತು. ಮೈದುನ ಸಮಾಧಾನ ಹೇಳಲು ಬಾಯಿ ತೆರೆದ. "ಹೋಗ್..." ಎಂದವನು ಭಾವನ ಮುಖ ನೋಡಿ ನುಂಗಿಕೊಂಡು, "ಒರೆಸಿದ್ರಾಯ್ತು" ಅಂದ. ಆ ಮನೆಯಲ್ಲಿ ಅಂದಿನಿಂದ ಹಾಲು ಉಕ್ಕಿದರೂ, ಬಸ್ಸು ತಪ್ಪಿದರೂ, ನೆಂಟರು ಮುನಿದರೂ ಆ ಎರಡು ಮಾತು ಹೊರಬರಲಿಲ್ಲ. ಅದಿಲ್ಲದೆ ಸಂಸಾರ ನಡೆಸುವುದು ಎಷ್ಟು ಕಷ್ಟ ಎಂದು ಪ್ರಯತ್ನಿಸಿದವರಿಗೇ ಗೊತ್ತು.

ಅಕ್ಕ ಬಟ್ಟೆ ಹಿಂಡಲು ಹೊರಗೆ ಹೋದಾಗ ಮೈದುನ ಮೆಲ್ಲಗೆ ಹೇಳಿದ: "ತಪ್ಪು ನಂದೇ, ಸುತ್ತಿಗೆ ಬಿಟ್ಟು ಕೈ ಹಾಕ್ದೆ ಅಂತ ಆಫೀಸರಿಗೆ ಹೇಳಿದ್ದೀನಿ ಭಾವ. ನೀನು ಅದನ್ನ ತಲೆಗೆ ಹಚ್ಕೋಬೇಡ."

"ಮೌನಿ?"

"ಅವನ ವಿಷಯ ನನ್ನ ಕೇಳಲಿಲ್ಲ." ಗೋಡೆಯ ಕಡೆ ತಿರುಗಿ ಅಂದ: "ನೀನು ಮುಚ್ಚಳದ ವಿಷಯ ನಿಜವಾಗ್ಲೂ ಬಿಟ್ಟಿದ್ದೆ ತಾನೆ, ಆವತ್ತು?"

ಭಾವ ಹೂಂ ಅಂದ. ಅವನ ಬದುಕಿನ ಎಲ್ಲ ಸುಳ್ಳುಗಳಲ್ಲಿ ಇದು ಅತ್ಯಂತ ಚಿಕ್ಕದು. ಉಳಿದವನ್ನೆಲ್ಲ ಜೀರ್ಣಿಸಿಕೊಂಡವನಿಗೆ ಈ ಹೂಂ ಗಂಟಲಿನಿಂದ ಕೆಳಗೆ ಇಳಿಯಲಿಲ್ಲ.

ಆಸ್ಪತ್ರೆಯಿಂದ ನೇರ ಮೇಸ್ತ್ರಿಯ ಬಳಿಗೆ ಹೋದ. ಮೇಸ್ತ್ರಿ ಟ್ರೇಲರಿನ ನೆರಳಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಹಲ್ಲುಕಡ್ಡಿ ಆಡಿಸುತ್ತಿದ್ದ. ಭಾವ ನಿಂತೇ ಎಲ್ಲ ಹೇಳಿದ: ಗುಂಡಿ, ಮುಚ್ಚಳ, ಒಂದೇ ಉಸಿರು. ಮೇಸ್ತ್ರಿ ಆಶ್ಚರ್ಯಪಡಲಿಲ್ಲ. ವೈರ್‌ಲೆಸ್ ಪೆಟ್ಟಿಗೆ ಮೌನಿಗೆ ಮಾತ್ರ ಇತ್ತೇ ಎಂದು ಕೇಳಿದ. ಜೀಪಿನವನಿಗೂ ಇತ್ತು, ಹಿಂದಿನಿಂದ ತಳ್ಳುವ ಲಾರಿಯವನಿಗೂ ಇತ್ತು, ಮೇಸ್ತ್ರಿಯ ಸೊಂಟದಲ್ಲೂ ಇತ್ತು, ಎಲ್ಲರಿಗೂ ಕೇಳಿಸಿತ್ತು. ಭಾವ ಯಾವಾಗ ಬಾಯಿ ಬಿಡುತ್ತಾನೆ ಎಂದು ಅವತ್ತಿನಿಂದ ಎಲ್ಲರೂ ಸುಮ್ಮನೆ ಕಾಯುತ್ತಿದ್ದರು. ತಾನೊಬ್ಬನೇ ಗುಟ್ಟು ಹೊತ್ತು ಓಡಾಡುತ್ತಿದ್ದೇನೆ ಎಂದುಕೊಂಡಿದ್ದ ಭಾವನಿಗೆ, ಊರೆಲ್ಲ ನೋಡಿದ ಮೇಲೆ ಪಂಚೆ ಹರಿದದ್ದು ಗೊತ್ತಾದ ಹಾಗಾಯಿತು.

"ಮತ್ತೆ ಮೌನೀನ ಯಾಕೆ ಇಳಿಸಿದ್ರಿ?"

"ಯಾರನ್ನಾದ್ರೂ ಇಳಿಸ್ಬೇಕಲ್ಲ ಭಾವ" ಅಂದ ಮೇಸ್ತ್ರಿ. "ಲಾರಿ ಓಡಿಸೋರು ಸಿಗ್ತಾರೆ. ಮುಂದೆ ಹಳೇ ಸೇತುವೆ ಇದೆ. ಎರಡೂ ಕಡೆ ಅಂಗೈ ಅಗಲ ಜಾಗ. ನಿನ್ನ ಬಾಯಿ ಇಲ್ದೆ ಅದನ್ನ ದಾಟಿಸೋರು ಯಾರು? ಹೋಗ್ಲಿ ಬಿಡು."

ಹೇಳಿದ ಮೇಲೆ ಅವನಿಗೂ ಕೇಳಿಸಿತು. ಹಲ್ಲುಕಡ್ಡಿ ಎಸೆದು ಎದ್ದುಹೋದ.

ಸೇತುವೆಯ ಬಳಿ ಬೆಳಗಿನ ಬಿಸಿಲು ಕಂಬಿಗಳ ನೆರಳನ್ನು ರಸ್ತೆಗೆ ಹಾಸಿತ್ತು. ಎರಡೂ ಕಡೆ ಪೊಲೀಸರು ವಾಹನ ತಡೆದಿದ್ದರು. ಸ್ಕೂಟರಿನವರು ಕೆಳಗಿಳಿದು, ತಡೆದವರ ವಂಶವನ್ನು ಸ್ಮರಿಸುತ್ತಿದ್ದರು. ಕಪ್ಪು ಕನ್ನಡಕದ ಅಧಿಕಾರಿಯೂ ಬಂದಿದ್ದ, ಸ್ಪಷ್ಟವಾಗಿ ಕೇಳಲೆಂದು ಕೈಯಲ್ಲಿ ಒಂದು ಪೆಟ್ಟಿಗೆಯನ್ನೂ ಹಿಡಿದಿದ್ದ. ಲಾರಿಯ ಸೀಟಿನಲ್ಲಿ ಬದಲಿ ಚಾಲಕ ಕೂತು, ಮೊದಲ ಸಲ ಹೆಣ್ಣು ನೋಡಲು ಹೋದವನಂತೆ ಬೆವರುತ್ತಿದ್ದ. ಎಲ್ಲರೂ ಭಾವನ ಮಾತಿಗೆ ಕಾದರು.

ಭಾವ ಗುಂಡಿ ಒತ್ತಿದ. ಮೊದಲ ಅಕ್ಷರ ನುಂಗಿಹೋಗದಿರಲಿ ಎಂದು ಸ್ವಲ್ಪ ತಡೆದ.

"ಏರಿನಲ್ಲಿ 'ಹೋಗ್ಲಿ ಬಿಡು' ಅಂದಿದ್ದು ನಾನು. ಮೈದುನನಿಗೆ ಅಂದೆ, ಮೌನಿಗೆ ಕೇಳಿಸ್ತು. ಅವನು ಸಿಗ್ನಲ್ ಕೇಳೇ ಲಾರಿ ಬಿಟ್ಟ. ಅವನ ತಪ್ಪಿಲ್ಲ." ಉಸಿರು ತೆಗೆದುಕೊಂಡ. "ಮುಚ್ಚಳದ ವಿಷಯಾನೂ ನಾನು ಬಿಟ್ಟಿರ್ಲಿಲ್ಲ. ಬಾಯಿಮಾತಿಗೆ ಅಂದಿದ್ದೆ."

ಕೊನೆಯ ಮಾತು ಅಧಿಕಾರಿಗೆ ತಿಳಿಯಲಿಲ್ಲ. ಯಾವ ಮುಚ್ಚಳ ಎಂದು ಮೇಸ್ತ್ರಿಯನ್ನು ಕೇಳಿದ. ಮೇಸ್ತ್ರಿ ನದಿ ನೋಡುತ್ತಿದ್ದ.

ಭಾವ ಪೆಟ್ಟಿಗೆಯನ್ನು ಲಾರಿಯ ಮಡ್‌ಗಾರ್ಡಿನ ಮೇಲಿಟ್ಟು ಕೈಕಟ್ಟಿ ನಿಂತ. ಮೌನಿ ಸೀಟಿಗೆ ಬಂದರೆ ಮಾತ್ರ ತಾನು ಮಾತಾಡುವುದು ಅಂದ. ಬಿಸಿಲು ಏರಿತು, ಸ್ಕೂಟರಿನವರು ಇನ್ನೂ ಹಿಂದಿನ ತಲೆಮಾರುಗಳಿಗೆ ಕೈಹಾಕಿದರು. ಕೊನೆಗೆ ಅಧಿಕಾರಿ ಕನ್ನಡಕ ತೆಗೆದು ಒರೆಸಿ, ಜೀಪಿನ ಕಡೆ ಕೈ ಮಾಡಿದ. ಮೌನಿ ಟವಲು ಹಿಡಿದುಕೊಂಡು ಬಂದ, ಅದನ್ನು ಸೀಟಿನ ಮೇಲೆ ಹಾಸಿದ, ಕೂತ.

"ಏನಂತೀಯ?" ಎಂದು ಕೇಳಿದ, ತಾನಾಗಿಯೇ.

"ನಡಿ ಅಂತೀನಿ" ಅಂದ ಭಾವ. "ಬ್ರೇಕಿಗೆ ಸಡಿಲು ಅಂತೀನಿ. ಬೇರೆ ಏನು ಕೇಳಿಸಿದ್ರೂ ಅಲ್ಲಾಡ್ಬೇಡ."

ಯಂತ್ರ ಸೇತುವೆ ದಾಟಿತು, ಕಂಬಿಗೆ ತಾಗಲಿಲ್ಲ. ಮೌನಿ ಅದನ್ನು ಕಾರ್ಖಾನೆಗೆ ಮುಟ್ಟಿಸಿದ, ಕೆಲಸದಲ್ಲಿ ಉಳಿದ. ಮೈದುನ ಈಗ ಎಡಗೈಯಲ್ಲಿ ಸಹಿ ಹಾಕುತ್ತಾನೆ. ಭಾವನನ್ನು ಬಂದರಿನ ಅಂಗಳಕ್ಕೆ ಹಾಕಿದರು. ಅಲ್ಲಿ ಅವನು ಸರಪಳಿಗಳ ತುಕ್ಕು ಉಜ್ಜುತ್ತಾನೆ. ಅವನ ಕೈಗೆ ವೈರ್‌ಲೆಸ್ ಕೊಡುವುದಿಲ್ಲ.