ಒಂದು ಕಡೆ ಖಾಲಿ

"ಟೇರ್. ಹರಿಯೋದು. ಮೂಲ ಹೇಳು ಪುಟ್ಟಿ," ಎಂದಳು ನಳಿನಿ, ಪದ ಬರೆದ ಕಾರ್ಡನ್ನು ಎದೆಗೊತ್ತಿಕೊಂಡು.

ದಿಯಾಗೆ ಹನ್ನೊಂದು ವರ್ಷ. ಶನಿವಾರ ಸ್ಪೆಲ್ಲಿಂಗ್ ಸ್ಪರ್ಧೆ. ಕಣ್ಣು ಮುಚ್ಚಿ ಶ್ಲೋಕದ ಹಾಗೆ ಒಪ್ಪಿಸಿದಳು. "ಓಲ್ಡ್ ಇಂಗ್ಲಿಷ್, ಟೆರನ್. ಜರ್ಮನ್, ತ್ಸೇರೆನ್, ಟು ಕನ್ಸ್ಯೂಮ್. ಗಾಥಿಕ್, ಗಟೈರನ್, ಟು ಡಿಸ್ಟ್ರಾಯ್. ಫಾರ್ಮ್ಸ್: ಟೇರ್, ಟೋರ್, ಟೋರ್ನ್."

"ಶಭಾಶ್! ಬರೀ ಹರಿಯೋದಕ್ಕೆ ಇಷ್ಟೊಂದು ಪುರಾಣವಾ!"

ನಳಿನಿ ನಗುತ್ತ ಕಾರ್ಡನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಆಗಷ್ಟೇ ಆಫೀಸಿನಿಂದ ಬಂದು ಕುಳಿತಿದ್ದ ಗಂಡ ಜಯಂತನ ಕಣ್ಣು ಅದರ ಬೆನ್ನಿನ ಮೇಲೆ ಬಿತ್ತು. ಪೈಪ್‌ಲೈನಿನ ಒತ್ತಡ ಪರೀಕ್ಷೆಯ ಅಂಕಿಗಳು. ಕೆಳಗೆ 'ಫೇಲ್'. ಅದರ ಕೆಳಗೆ ಅವನದೇ ರುಜು.

ತೈಲ ಕಂಪನಿಗಳೇ ತುಂಬಿದ ಎನರ್ಜಿ ಕಾರಿಡಾರಿನ ಅವನ ಕಂಪನಿಯಲ್ಲಿ, ಆ ವರದಿಗಳನ್ನೆಲ್ಲ ಚೂರು ಮಾಡುವ ಮೆಷಿನ್ನಿಗೆ ಹಾಕು ಎಂದು ಮ್ಯಾನೇಜರು ಹೇಳಿ ತಿಂಗಳಾಗಿತ್ತು. ಒಂದು ಕಡೆ ಖಾಲಿ ಇರುವ ಅಷ್ಟೊಂದು ಒಳ್ಳೆಯ ಕಾಗದ! ಮೈಸೂರಿನ ಮೇಷ್ಟರ ಮಗ. ಕಾಗದಕ್ಕೆ ಕಾಲು ತಾಕಿದರೆ ಸರಸ್ವತಿ ಎಂದು ಕಣ್ಣಿಗೊತ್ತಿಕೊಳ್ಳುವವನು ಹರಿದು ಹಾಕುತ್ತಾನೆಯೇ? ಮಗಳ ವಿದ್ಯೆಗಾಯಿತು ಎಂದು ಒಂದು ಕಟ್ಟು ಬ್ಯಾಗಿಗೆ ತುರುಕಿಕೊಂಡು ಬಂದು, ಆಮೇಲೆ ಮರೆತೇಬಿಟ್ಟಿದ್ದ, ಪುಣ್ಯಾತ್ಮ. ದಿಯಾ ಅವನ್ನೇ ಕತ್ತರಿಸಿ, ಖಾಲಿ ಬದಿಯಲ್ಲಿ ಪದ ಬರೆದು ಕಾರ್ಡು ಮಾಡಿಕೊಂಡಿದ್ದಳು.

ಹೋದ ವಾರ ಅದೇ ಪೈಪು ಸಿಡಿದು ಇಬ್ಬರು ಸತ್ತರು. ಇವತ್ತು ಬೆಳಿಗ್ಗೆ ತನಿಖೆಯವರ ಮುಂದೆ ಪ್ರಮಾಣ ಮಾಡಿ, ಅಂಥ ವರದಿಯೇ ಇರಲಿಲ್ಲ ಎಂದು ಬರೆದುಕೊಟ್ಟಿದ್ದ. ಗ್ರೀನ್ ಕಾರ್ಡಿನ ಅರ್ಜಿ ಕಂಪನಿಯ ಕೈಯಲ್ಲಿತ್ತು. ಬೇರೆ ದಾರಿ ಇರಲಿಲ್ಲ ಎಂದು ಮನೆಯವರೆಗೂ ತನಗೆ ತಾನೇ ಹೇಳಿಕೊಳ್ಳುತ್ತ ಡ್ರೈವ್ ಮಾಡಿದ್ದ.

ಎದ್ದವನೇ ಕಾರ್ಡನ್ನು ಕಸಿದು ಪರ್ರನೆ ಹರಿದ.

"ರೀ! ಏನ್ರೀ ಇದು, ತಲೆ ಕೆಟ್ಟಿದೆಯಾ ನಿಮಗೆ?"

"ಮಿಕ್ಕಿದ್ದೆಲ್ಲಿ? ಎಲ್ಲಾ ತಗೊಂಡ್ ಬಾ ದಿಯಾ, ಒಂದೂ ಬಿಡ್ಬೇಡ!"

"ಹಾಫ್ ಆಫ್ ದೆಮ್ ಆರ್ ವಿತ್ ಅನಘಾ," ದಿಯಾ ಅಳುತ್ತ ಹೇಳಿದಳು. "ವಿ ಟ್ರೇಡ್, ಅಪ್ಪ."

ದಿಯಾಳೊಡನೆ ಕಾರ್ಡು ಬದಲಾಯಿಸಿಕೊಳ್ಳುವ ಗೆಳತಿ ಅನಘಾಳ ತಂದೆ ಸುಧೀಂದ್ರ ಜಯಂತನ ಕಂಪನಿಯವನೇ. ಸತ್ತ ಇಬ್ಬರೂ ಅವನ ಕೈಕೆಳಗೆ ಕೆಲಸ ಮಾಡುತ್ತಿದ್ದವರು. ವಾರದಿಂದ ಅವನು ಯಾರೊಡನೆಯೂ ಮಾತಾಡಿರಲಿಲ್ಲ.

ಜಯಂತ ಕುಳಿತುಬಿಟ್ಟ.

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ನಳಿನಿ ಬಗ್ಗಿ ಅದರ ಮೇಲೆ ಮೂಡಿದ ಹೆಸರು ಓದಿದಳು.

"ಸುಧೀಂದ್ರ ಅವ್ರು ಕಣ್ರೀ. ಎತ್ತಲಾ?"

ದಿಯಾ ಮೂಗೊರೆಸಿಕೊಳ್ಳುತ್ತ ಎರಡು ತುಂಡುಗಳನ್ನು ಅಂಚಿಗೆ ಅಂಚು ಕೂಡಿಸಿ ಟೇಪು ಹಚ್ಚಿದಳು. ಆಮೇಲೆ ತಿರುಗಿಸಿ ಬೆನ್ನಿಗೂ ಒಂದು ಪಟ್ಟಿ ಅಂಟಿಸಿ, ಅಪ್ಪನ ರುಜುವಿನ ಮೇಲೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದಳು. ಫೋನ್ ಹೊಡೆದುಕೊಳ್ಳುತ್ತಲೇ ಇತ್ತು.