ಕೊಟ್ರಯ್ಯನವರು ಕ್ವಾಡ್ ಬೈಕು ನೋಡಲು ಹೋದದ್ದು

ಕಂಪ್ಲಿಯ ಅಕ್ಕಿ ಗಿರಣಿಯ ಕೊಟ್ರಯ್ಯನವರಿಗೆ ನಾಲ್ಕು ಗಾಲಿಯ ಬೈಕು ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ಅಳಿಯ.

ಸಂಡೂರಿನಿಂದ ಒಂದು ಸಂಬಂಧ ಬಂದಿತ್ತು. ಹುಡುಗನ ಹೆಸರು ಶಂಭುಲಿಂಗ. ತಂದೆಯದು ಅದಿರು ಸಾಗಿಸುವ ಲಾರಿಗಳ ದಂಧೆ. ಮಗಳು ಪೂಜಿತಾ ಫೋಟೋ ನೋಡಿ "ಅಡ್ಡಿಯಿಲ್ಲ" ಅಂದಿದ್ದಳು. ಅವಳ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ಈ ಸಂಬಂಧ ಗಂಟಲಲ್ಲಿ ಇಳಿಯದೆ ಒದ್ದಾಡುತ್ತಿದ್ದವರು ಕೊಟ್ರಯ್ಯನವರೇ. ಎರಡು ಮೂರು ವರ್ಷಗಳಲ್ಲಿ ಕೆಂಪು ಮಣ್ಣು ಮಾರಿ ದಿಢೀರನೆ ಮೇಲೆದ್ದವರನ್ನು ಅವರು ಬೇಕಾದಷ್ಟು ಕಂಡಿದ್ದರು. ನಿನ್ನೆ ಸೈಕಲ್ಲು, ಇವತ್ತು ಹತ್ತು ಲಾರಿ. ಅಂಥ ಮನೆಯ ಹುಡುಗರ ಮಾತಿನಲ್ಲಿ ನಿಜ ಎಷ್ಟು, ಬುರುಡೆ ಎಷ್ಟು? ಇರುವವಳು ಒಬ್ಬಳೇ ಮಗಳು. ಸುಳ್ಳುಗಾರನ ಕೈಗೆ ಕೊಟ್ಟು ಆಮೇಲೆ ಹಣೆ ಚಚ್ಚಿಕೊಂಡರೆ ಕೇಳುವವರು ಯಾರು?

ಹುಡುಗ ತನ್ನ ಕ್ವಾಡ್ ಬೈಕು ಮಾರಲು ಇಟ್ಟಿದ್ದಾನೆಂದು ಸಂಬಂಧ ತಂದವರೇ ಮಾತಿನ ಮಧ್ಯೆ ಹೇಳಿದ್ದರು. ಗಣಿಯ ಕಡೆಯ ಹುಡುಗರು ಗುಡ್ಡದಲ್ಲಿ ಗುರ್ ಎಂದು ಹಾರಿಸುವ, ನಾಲ್ಕು ದಪ್ಪ ಗಾಲಿಯ ಗಾಡಿ. ಕೊಟ್ರಯ್ಯನವರ ಮುಖ ಆ ಮನೆಯವರಿಗೆ ಗೊತ್ತಿರಲಿಲ್ಲ. ಗಿರಾಕಿಯ ಹಾಗೆ ಹೋಗಿ ಬಂದರಾಯಿತು ಎಂದುಕೊಂಡರು. ಮನುಷ್ಯನ ಬಣ್ಣ ಬಯಲಾಗುವುದು ಅವನು ಏನಾದರೂ ಮಾರುವಾಗ ಎಂಬುದು ಮೂವತ್ತು ವರ್ಷ ಅಕ್ಕಿ ಮಾರಿದವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಗಾಡಿಯ ಪಾಠವನ್ನು ಮಾತ್ರ ಹೊಸಪೇಟೆಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದಿದ್ದ ಪೂಜಿತಾಳೇ ಹೇಳಿಕೊಟ್ಟಳು.

"ಹೇಳ್ದಂಗ ಹೋಗಪ್ಪ. ಹೇಳಿ ಹೋದ್ರ ಮೊದ್ಲ ಬಿಸಿ ಮಾಡಿ ಇಟ್ಟಿರ್ತಾರ. ಬಿಸಿ ಎಂಜಿನ್ ಯಾರು ಒತ್ತಿದ್ರೂ ಸ್ಟಾರ್ಟ್ ಆಗ್ತೈತಿ. ಮುಟ್ಟಿ ನೋಡು, ತಣ್ಣಗಿರ್ಬೇಕು. ಏರ್ ಫಿಲ್ಟರ್ ಬಿಚ್ಚಿಸು. ಗಾಲಿ ಅಳ್ಳಾಡಿಸು. ಮುಖ್ಯ ಅಂದ್ರ ಫ್ರೇಮ್. ಹೊಸಾ ಬಣ್ಣ ಎಲ್ಲಿ ಬಳದಿರ್ತಾರೋ ಅಲ್ಲೇ ನೋಡು."

"ಇಷ್ಟೆಲ್ಲ ಯಾಕವ್ವ? ನಾನೇನು ಖರೇನ ಕೊಳ್ಳಾಕ ಹೊಂಟೀನೇನು?"

"ನೀ ಸರಿಯಾಗಿ ಕೇಳಿದ್ರ ಅಲ್ಲೇನಪ್ಪ ಅವ್ರು ಸುಳ್ಳು ಹೇಳೂದು?"

ಭಾನುವಾರ ಬೆಳಗ್ಗೆ ಗಿರಣಿಯ ಮೆಕ್ಯಾನಿಕ್ ಪಾಲಪ್ಪನನ್ನು ಜೀಪಿನಲ್ಲಿ ಕೂರಿಸಿಕೊಂಡು ಕೊಟ್ರಯ್ಯ ಸಂಡೂರು ತಲುಪಿದರು. ಲಾರಿಗಳ ಧೂಳಿನ ಹಿಂದೆ ಬಂದ ಅವರ ಬಿಳಿ ಅಂಗಿ ಆಗಲೇ ಕಾವಿಯಾಗಿತ್ತು. ಶಂಭುಲಿಂಗನೇ ಬಾಗಿಲು ತೆಗೆದ. ಸಣಕಲು ಹುಡುಗ, ಕೈಯಲ್ಲಿ ಗ್ರೀಸು. ಬೈಕು ನೋಡಲು ಬಂದವರೆಂದಾಗ ಶೆಡ್ಡಿಗೆ ಕರೆದೊಯ್ದ.

"ಯಾರು ಓಡಿಸೋರ್ರಿ?" ಎಂದು ಕೇಳಿದ.

"ನನ್ನ ಮಗಳು," ಎಂದುಬಿಟ್ಟರು ಕೊಟ್ರಯ್ಯ. ಬೇರೇನೂ ತೋಚಲಿಲ್ಲ.

ಪಾಲಪ್ಪ ಎಂಜಿನ್ನಿನ ಮೇಲೆ ಅಂಗೈ ಇಟ್ಟ. ತಣ್ಣಗಿತ್ತು. ಎರಡನೇ ಸಲ ಒತ್ತಿದಾಗ ಗಾಡಿ ಎದ್ದಿತು, ಹೊಗೆಯೂ ಹೆಚ್ಚು ಬರಲಿಲ್ಲ. ಮುಂದಿನ ಗಾಲಿ ಎತ್ತಿ ಅಳ್ಳಾಡಿಸಿದರೆ ಲಟಲಟ ಎಂದಿತು.

"ಬೇರಿಂಗ್ ಹೋಗ್ಯಾವ್ರಿ, ಬದಲಿ ಮಾಡ್ಸಬೇಕು," ಎಂದ ಹುಡುಗ, ಯಾರೂ ಕೇಳುವ ಮೊದಲೇ. ಏರ್ ಫಿಲ್ಟರನ್ನು ತಾನೇ ಬಿಚ್ಚಿ ಕುಟ್ಟಿದ. ಒಂದು ಬೊಗಸೆ ಕೆಂಪು ಧೂಳು ಉದುರಿತು. "ಗಣಿ ದಾರಿಯಾಗ ಓಡೈತಿ. ಎಂಜಿನ್ ಒಳಗೂ ಅಷ್ಟು ಇಷ್ಟು ಹೋಗಿರ್ತೈತ್ರಿ."

ಕೊಟ್ರಯ್ಯನವರಿಗೆ ಸಿಟ್ಟೇ ಬಂತು. ತಪ್ಪು ಹುಡುಕಲು ಹನ್ನೆರಡು ಹರದಾರಿ ಬಂದವರಿಗೆ ಇವನು ತಪ್ಪುಗಳನ್ನು ತಾನೇ ಎತ್ತಿ ಕೊಡುತ್ತಿದ್ದಾನೆ. ಬೇರಿಂಗು, ಧೂಳು ಎಲ್ಲ ಸಣ್ಣ ವಿಷಯ. ಸಣ್ಣದನ್ನು ಹೇಳಿ ದೊಡ್ಡದನ್ನು ನುಂಗುವವರನ್ನು ಅವರು ಬಲ್ಲರು.

ಪಾಲಪ್ಪ ಟಾರ್ಚು ಹಿಡಿದು ಗಾಡಿಯ ಅಡಿ ಮಲಗಿದ. ಕಣ್ಣು ಸ್ವಲ್ಪ ಮಂದ, ಒಪ್ಪಿಕೊಳ್ಳುವವನಲ್ಲ. "ಫ್ರೇಮ್ ಮಸ್ತ್ ಐತ್ರಿ ಸಾವ್ಕಾರ್ರ," ಎಂದು ಎದ್ದ.

ಅಷ್ಟರಲ್ಲಿ ಹುಡುಗನ ತಾಯಿ ಸುವರ್ಣಮ್ಮ ಮಜ್ಜಿಗೆ ತಂದರು. ಶಂಭುಲಿಂಗ ತಾಯಿಯ ಮುಖ ನೋಡಿದ, ನೆಲ ನೋಡಿದ. ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕೊಟ್ರಯ್ಯ ಕೈಯಲ್ಲಿ ಲೋಟ ಹಿಡಿದು ಅವನನ್ನೇ ನೋಡುತ್ತಿದ್ದರು.

"ಇಲ್ರಿ," ಎಂದ ಹುಡುಗ ಮೆಲ್ಲಗೆ. "ಹಿಂದ್ಗಡೆ ಸೀಳಿತ್ತು. ವೆಲ್ಡಿಂಗ್ ಮಾಡ್ಸಿ ಬಣ್ಣ ಬಳದೀನಿ. ದೋಣಿಮಲೈ ದಾರಿಯಾಗ ದಿನ್ನಿ ಮ್ಯಾಲಿಂದ ಹಾರಿಸಿ ಬಿದ್ದಿದ್ದೆ."

"ಯಾವಾಗ?" ಎಂದರು ಸುವರ್ಣಮ್ಮ.

"ಶ್ರಾವಣದಾಗ."

"ಶ್ರಾವಣದಾಗ ನೀನು ಬಚ್ಚಲದಾಗ ಜಾರಿ ಕೈ ಮುರ್ಕೊಂಡಿದ್ದಿ."

ಹುಡುಗ ಗ್ರೀಸಿನ ಕೈಯನ್ನು ಬೆನ್ನ ಹಿಂದೆ ಸರಿಸಿದ.

"ಬಚ್ಚಲದ ಕಲ್ಲೆಲ್ಲ ಕೀಳ್ಸಿ ಹೊಸಾ ಕಲ್ಲು ಹಾಕ್ಸಿದ್ನಲ್ಲೋ. ಪಟ್ಟಿ ಕಟ್ಟಿದ ಕೈ ಇಟ್ಕೊಂಡು ಬಾಜು ನಿಂತು ನೋಡಿದೆಲ್ಲೋ, ಆಗ ಬಾಯಿ ಬಿದ್ದಿತ್ತೇನು?"

ಕೊಟ್ರಯ್ಯನವರಿಗೆ ತಡೆಯಲಾಗಲಿಲ್ಲ. "ನಾವು ಕೇಳಿದ್ದಿಲ್ಲಲ್ಲಪ್ಪ. ಸುಮ್ನಿದ್ರ ನಡೀತಿತ್ತು. ಅವ್ವನ ಮುಂದ ಯಾಕ ಹೇಳ್ದಿ?"

"ನಿಮ್ಮ ಮಗಳು ಓಡಿಸ್ತಾರ ಅಂದ್ರಲ್ರಿ," ಎಂದ ಶಂಭುಲಿಂಗ. "ಗೊತ್ತಿಲ್ದ ಎಲ್ಲ್ಯರ ಹಾರಿಸಿದ್ರ ಮತ್ತ ಅಲ್ಲೇ ಸೀಳ್ತೈತ್ರಿ."

ಕೊಟ್ರಯ್ಯ ಮಜ್ಜಿಗೆ ಲೋಟ ಬಾಯಿಗೆತ್ತಿದರು. ತಿಂಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು ಒಂದೇ ಗುಟುಕಿಗೆ ಇಳಿದು ಹೋಯಿತು. ಇತ್ತ ಸುವರ್ಣಮ್ಮ ಮಗನ ಕಿವಿಗೆ ಕೈ ಹಾಕಿದ್ದರು, ಇನ್ನೇನು ಹಿಂಡಬೇಕು.

"ಹೋಗ್ಲಿ ಬಿಡ್ರಿ ಬೀಗ್ರ," ಎಂದರು ಕೊಟ್ರಯ್ಯ. "ಹುಡುಗ್ರು ಅಂದ ಮ್ಯಾಲ ಬೀಳ್ತಾವ."

ಬಾಯಿಂದ ಬಿದ್ದ ಮೇಲೆಯೇ ಮಾತು ಅವರ ಕಿವಿಗೂ ಕೇಳಿಸಿತು. ಪಾಲಪ್ಪ ಟಾರ್ಚು ಆರಿಸಿ ಜೀಪಿನ ಕಡೆ ನೋಡಿದ. ಸುವರ್ಣಮ್ಮ ಮಗನ ಕಿವಿ ಬಿಟ್ಟು ಗಿರಾಕಿಯನ್ನು ಮೇಲಿಂದ ಕೆಳಗೆ ಅಳೆದರು.

"ಕಂಪ್ಲಿಯವ್ರೇನ್ರಿ?"

"ಹೌದ್ರಿ," ಎಂದು ಕೊಟ್ರಯ್ಯ ತಲೆ ತಗ್ಗಿಸಿದರು. ಸುಳ್ಳುಗಾರನನ್ನು ಹಿಡಿಯಲು ಬಂದವರು ತಾವೇ ಸಿಕ್ಕಿಬಿದ್ದಿದ್ದರು. ಶಂಭುಲಿಂಗನ ಮುಖ ಉದುರಿದ ಧೂಳಿಗಿಂತ ಕೆಂಪಾಗಿತ್ತು.

ಸುವರ್ಣಮ್ಮ ಸೆರಗು ಸರಿಮಾಡಿಕೊಂಡು ಅವರ ಕೈಯಿಂದ ಮಜ್ಜಿಗೆ ಲೋಟ ವಾಪಸ್ ತೆಗೆದುಕೊಂಡರು.

"ಬೀಗ್ರಿಗೆ ಬರೇ ಮಜ್ಜಿಗಿ ಕುಡಿಸಿ ಕಳಿಸ್ತಾರೇನ್ರಿ? ಒಳಗ ಬರ್ರಿ, ಉಂಡು ಹೋಗೀರಂತ. ಬಚ್ಚಲ ಅಲ್ಲೈತಿ, ಕೈಕಾಲು ತೊಳೀರಿ. ಹೊಸಾ ಕಲ್ಲು, ಜಾರೂದಿಲ್ಲ."